'ನಿನ್ನೆ ಯಾಕೆ ಬರಲಿಲ್ಲ?': ನಿವೃತ್ತರಿಗೆ ನಡಿಗೆ ಮತ್ತು ಒಡನಾಟದ ಕೈಪಿಡಿ

ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದದ್ದು ಒಂದು ಶನಿವಾರ. ಹಾರ, ಶಾಲು, ಫಲತಾಂಬೂಲ, ಗೋಡೆ ಗಡಿಯಾರ ಎಲ್ಲ ಆಯಿತು. ಸೋಮವಾರ ಬೆಳಿಗ್ಗೆ ಎಂದಿನಂತೆ ಐದೂವರೆಗೆ ಎದ್ದರು, ಸ್ನಾನ ಮಾಡಿದರು, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಜೇಬಿಗೆ ಪೆನ್ನು ಸಿಕ್ಕಿಸಿಕೊಂಡರು. ಆಮೇಲೆ ಹೋಗಿ ವರಾಂಡದ ಕುರ್ಚಿಯಲ್ಲಿ ಕೂತರು. ನಾನು ಶಾಲೆಗೆ ಹೊರಟಾಗ ಅಲ್ಲೇ ಇದ್ದರು. ಸಂಜೆ ಬಂದಾಗಲೂ ಅಲ್ಲೇ ಇದ್ದರು, ಪೆನ್ನು ಜೇಬಿನಲ್ಲೇ ಇತ್ತು.

ನಾಲ್ಕು ತಿಂಗಳಲ್ಲಿ ಸಕ್ಕರೆ ಏರಿತು, ಹೊಟ್ಟೆ ಬಂತು. ಅದಕ್ಕಿಂತ ನನಗೆ ಹೆದರಿಕೆ ತಂದದ್ದು ಅವರ ಮಾತು ಬತ್ತಿದ್ದು. ಮೂವತ್ತಾರು ವರ್ಷ ಕೌಂಟರಿನಾಚೆ ದಿನಕ್ಕೆ ನೂರು ಮುಖ ನೋಡಿದ ಮನುಷ್ಯ, 'ಹ್ಞೂಂ', 'ಆಯ್ತು' ಎಂಬ ಎರಡು ಪದಗಳಲ್ಲಿ ದಿನ ಕಳೆಯುತ್ತಿದ್ದರು. ಡಾಕ್ಟರು ವಾಕಿಂಗ್ ಮಾಡಿ ಎಂದರು. ಮಗಳು ಐದು ಸಾವಿರ ರೂಪಾಯಿಯ ಶೂ ಕೊಡಿಸಿದಳು. ಶೂ ಡಬ್ಬಿಯಲ್ಲೇ ಉಳಿಯಿತು.

ಅವರನ್ನು ಕುರ್ಚಿಯಿಂದ ಎಬ್ಬಿಸಿದ್ದು ಪಕ್ಕದ ಬೀದಿಯ ಒಬ್ಬರು, ಅಂಚೆ ಇಲಾಖೆಯಿಂದ ನಿವೃತ್ತರಾದವರು. ಒಂದು ಬೆಳಿಗ್ಗೆ ಗೇಟಿನ ಹತ್ತಿರ ನಿಂತು, "ಬನ್ನಿ ಸಾರ್, ಕುಕ್ಕರಹಳ್ಳಿ ಕೆರೆ ಕಡೆ ಹೋಗಿ ಬರೋಣ" ಎಂದರು. ಇವರು ದಾಕ್ಷಿಣ್ಯಕ್ಕೆ ಹೋದರು. ಮಾರನೇ ದಿನವೂ ಹೋದರು. ಮೂರನೇ ದಿನ ತಲೆನೋವು ಅಂತ ಹೇಳಿ ಮಲಗಿಬಿಟ್ಟರು. ನಾಲ್ಕನೇ ದಿನ ಅದೇ ಗೇಟು, ಅದೇ ದನಿ: "ಯಾಕೆ ಸಾರ್, ನಿನ್ನೆ ಬರಲಿಲ್ಲ?"

ಆ ಪ್ರಶ್ನೆ ಕೇಳುವವರೊಬ್ಬರು ಬೇಕು. ಡಾಕ್ಟರ ಚೀಟಿಗೂ ಹೊಸ ಶೂಗೂ ಆಗದ್ದು ಆ ಒಂದು ಪ್ರಶ್ನೆಯಿಂದ ಆಯಿತು. ವ್ಯಾಯಾಮ ಒಂದು ಕಡೆ, ಸ್ನೇಹ ಇನ್ನೊಂದು ಕಡೆ ಅಂತ ಇಟ್ಟುಕೊಂಡರೆ ಎರಡೂ ಕೈಗೆ ಹತ್ತುವುದಿಲ್ಲ. ಎರಡಕ್ಕೂ ಗಂಟು ಹಾಕಬೇಕು. ಎರಡು ವರ್ಷದ ನಂತರ ನಾನೂ ಹೈಸ್ಕೂಲಿನಿಂದ ನಿವೃತ್ತಳಾದೆ. ಅಲ್ಲಿಂದ ಇಲ್ಲಿಯವರೆಗೆ ನಾವು ಮಾಡಿ ನೋಡಿದ್ದನ್ನು, ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ.

1. ಒಂದು ವಾರ ಬರೆದಿಡಿ

ಯಾವುದನ್ನೂ ಶುರು ಮಾಡುವ ಮೊದಲು ಹಳೆಯ ಡೈರಿ ತೆಗೆದುಕೊಳ್ಳಿ. ಏಳು ದಿನ, ಪ್ರತಿ ರಾತ್ರಿ ಎರಡೇ ಸಾಲು: ಇವತ್ತು ಮನೆಯವರನ್ನು ಬಿಟ್ಟು ಯಾರ ಜೊತೆ ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಿದೆ? ಒಟ್ಟು ಎಷ್ಟು ಹೊತ್ತು ಕಾಲ ಮೇಲೆ ಇದ್ದೆ? ವಾಟ್ಸ್ಆಪ್‌ನಲ್ಲಿ ಶುಭೋದಯ ಕಳಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮ ಯಜಮಾನರ ಮೊದಲ ವಾರದ ಪುಟದಲ್ಲಿ ಇದ್ದದ್ದು ಮೂರು ಹೆಸರು, ಅದರಲ್ಲಿ ಒಂದು ಹಾಲಿನವನದು. ಕಣ್ಣೆದುರು ಬರೆದಿಟ್ಟಾಗಲೇ ಅವರಿಗೆ ಅದು ನಾಟಿದ್ದು.

ಇದು ಮನಸ್ಸಿನ ಬೇಸರದ ಮಾತಷ್ಟೇ ಅಲ್ಲ. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯರು, ಆಗಿದ್ದ ವಿವೇಕ್ ಮೂರ್ತಿಯವರು ಒಂಟಿತನವನ್ನೇ ವಿಷಯವಾಗಿಟ್ಟುಕೊಂಡು ಸರ್ಕಾರದ ವತಿಯಿಂದ ವರದಿ ಹೊರಡಿಸಿದರು. ಅವರ ಮನೆತನದ ಬೇರು ಇಲ್ಲೇ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯಲ್ಲಿದೆ. ಜನರ ಒಡನಾಟ ಇಲ್ಲದಿರುವುದು ಆಯಸ್ಸಿಗೆ ಮಾಡುವ ಕೇಡು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಹತ್ತಿರ ಬರುತ್ತದೆ ಎಂದು ಆ ವರದಿ ಹೇಳಿತು. ಸಿಗರೇಟು ಮುಟ್ಟದ ನಮ್ಮ ಮನೆಯವರು ಅದನ್ನು ಕೇಳಿ ಬಹಳ ಹೊತ್ತು ಸುಮ್ಮನೆ ಕೂತರು.

2. ಮೈ ಎಲ್ಲಿದೆ ಎಂದು ನೋಡಿಕೊಳ್ಳಿ

ಸಕ್ಕರೆ, ಬಿ.ಪಿ., ಹೃದಯದ ತೊಂದರೆ, ಮಂಡಿ ಅಥವಾ ಸೊಂಟದ ಆಪರೇಷನ್ ಯಾವುದಾದರೂ ಇದ್ದರೆ ಮೊದಲು ನಿಮ್ಮ ಡಾಕ್ಟರ ಹತ್ತಿರ ಹೋಗಿ, "ಇಷ್ಟಿಷ್ಟು ಮಾಡಬೇಕು ಅಂತಿದ್ದೀನಿ, ಮಾಡಬಹುದಾ?" ಎಂದು ಬಿಡಿಸಿ ಕೇಳಿ. ನಡೆಯುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ, ಎಂದಿಲ್ಲದ ಏದುಸಿರು ಬಂದರೆ ಅಲ್ಲೇ ನಿಲ್ಲಿಸಿ. ಅವತ್ತೇ ತೋರಿಸಿ, ನಾಳೆಗೆ ಇಡಬೇಡಿ.

ಮನೆಯಲ್ಲೇ ಮಾಡಿಕೊಳ್ಳುವ ಒಂದು ಪರೀಕ್ಷೆ ಇದೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಜಾರದಂತೆ ಗೋಡೆಗೆ ಒತ್ತಿಡಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಮತ್ತೆ ಕೂರಬಲ್ಲಿರಿ? 60ರಿಂದ 64ರ ಗಂಡಸರಿಗೆ 14, ಹೆಂಗಸರಿಗೆ 12 ಆಗಬೇಕು. 65ರಿಂದ 69ರವರಿಗೆ 12 ಮತ್ತು 11. 70ರಿಂದ 74ರವರಿಗೆ 12 ಮತ್ತು 10. ಅದಕ್ಕಿಂತ ಕಡಿಮೆಯಾದರೆ ತೊಡೆಯಲ್ಲಿ ಕಸುವು ಇಳಿದಿದೆ, ಬೀಳುವ ಅಪಾಯ ಇದೆ ಎಂದರ್ಥ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡೇ ಮಾಡಿ. ನನಗೆ ಮೊದಲ ಸಲ ಎಂಟು ಬಂತು. ಮೂವತ್ತು ವರ್ಷ ಕ್ಲಾಸಿನಲ್ಲಿ ನಿಂತೇ ಪಾಠ ಮಾಡಿದವಳು ನಾನು, ನನ್ನ ಕಾಲು ಗಟ್ಟಿ ಎಂದೇ ನಂಬಿದ್ದೆ.

3. ವಾಕಿಂಗ್ ಒಂದೇ ಸಾಲದು

ಇದನ್ನು ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆ. ನಮ್ಮಲ್ಲಿ ನಿವೃತ್ತರ ವ್ಯಾಯಾಮ ಎಂದರೆ ವಾಕಿಂಗ್ ಎಂದೇ ಆಗಿಬಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿದ್ದು ಮೂರು ಬಗೆಯ ಕೆಲಸ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಓಡಾಟ. ವಾರದಲ್ಲಿ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ಕಸರತ್ತು. ವಾರದಲ್ಲಿ ಮೂರು ದಿನವಾದರೂ ಮೈಯ ಸಮತೋಲ ಕಾಯುವಂಥ ಅಭ್ಯಾಸ. ಮೊದಲನೆಯದನ್ನು ಅಲ್ಪಸ್ವಲ್ಪ ಮಾಡುತ್ತೇವೆ, ಮಿಕ್ಕ ಎರಡನ್ನು ಕೇಳಿಯೇ ಇಲ್ಲ. ಆದರೆ ಬಚ್ಚಲಲ್ಲಿ ಜಾರಿದಾಗ ನಮ್ಮನ್ನು ಹಿಡಿದು ನಿಲ್ಲಿಸುವುದು ಆ ಎರಡೇ.

ಮಧ್ಯಮ ಬಿರುಸು ಎಂದರೆ ಎಷ್ಟು ಎಂದು ತಿಳಿಯಲು ಯಂತ್ರ ಬೇಡ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ದೇವರನಾಮವನ್ನು ಉಸಿರು ಕಟ್ಟದೆ ಪೂರ್ತಿ ಹಾಡಿಕೊಂಡು ನಡೆಯುತ್ತಿದ್ದರೆ ಇನ್ನೂ ಸ್ವಲ್ಪ ಚುರುಕಾಗಿ ಹೆಜ್ಜೆ ಹಾಕಿ. ಮೊದಲ ವಾರವೇ 150 ನಿಮಿಷ ಎಂದು ಹೊರಡಬೇಡಿ. ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ ವಾರಕ್ಕೊಮ್ಮೆ ಐದೈದು ನಿಮಿಷ ಏರಿಸಿದರೆ ಒಂದೂವರೆ ತಿಂಗಳಲ್ಲಿ ಅರ್ಧ ಗಂಟೆ ದಾಟುತ್ತೀರಿ. ಒಂದೇ ಉಸಿರಿಗೆ ಆಗಬೇಕೆಂದೂ ಇಲ್ಲ, ಬೆಳಿಗ್ಗೆ ಹದಿನೈದು, ಸಂಜೆ ಹದಿನೈದು ನಿಮಿಷ ನಡೆದರೂ ಲೆಕ್ಕಕ್ಕೆ ಬರುತ್ತದೆ.

ಸ್ನಾಯುವಿಗೂ ಸಮತೋಲಕ್ಕೂ ಜಿಮ್ ಬೇಡ, ಅಡುಗೆಮನೆ ಸಾಕು. ನಾನು ಮಾಡುವುದು ಹೀಗೆ. ಹಾಲು ಕಾಯಲು ಇಟ್ಟು ಅಡುಗೆ ಕಟ್ಟೆಯ ಅಂಚು ಹಿಡಿದು ನಿಲ್ಲುತ್ತೇನೆ. ಎರಡೂ ಹಿಮ್ಮಡಿ ನಿಧಾನವಾಗಿ ಎತ್ತಿ, ಮೂರು ಎಣಿಸಿ, ನಿಧಾನವಾಗಿ ಇಳಿಸುವುದು. ಹತ್ತು ಸಲ. ಆಮೇಲೆ ಕಟ್ಟೆಯ ಮೇಲೆ ಬೆರಳ ತುದಿ ಮಾತ್ರ ಇಟ್ಟು ಒಂದೇ ಕಾಲಲ್ಲಿ ನಿಲ್ಲುವುದು. ಶುರುವಿನಲ್ಲಿ ಐದು ಎಣಿಸುವಷ್ಟರಲ್ಲಿ ಕಣಕಾಲು ನಡುಗುತ್ತಿತ್ತು, ಈಗ ಹಾಲು ಉಕ್ಕುವವರೆಗೆ ನಿಲ್ಲುತ್ತೇನೆ. ಗೋಡೆಗೆ ಒಂದು ತೋಳಿನಷ್ಟು ದೂರ ನಿಂತು ಅಂಗೈ ಒತ್ತಿ ಮೊಣಕೈ ಮಡಚಿ ಬಾಗಿ ಹಿಂದಕ್ಕೆ ಬರುವುದು ಹತ್ತು ಸಲ, ತೋಳಿಗೆ ಇದು ಒಳ್ಳೆಯದು. ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ. ಕೊನೆಗೆ ಓಣಿಯಂಥ ಜಾಗದಲ್ಲಿ ಗೋಡೆ ಪಕ್ಕ ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಹತ್ತು ಹೆಜ್ಜೆ. ಇಷ್ಟಕ್ಕೆ ಹನ್ನೆರಡು ನಿಮಿಷ ಹಿಡಿಯುತ್ತದೆ. ಮೂರು ತಿಂಗಳಾದ ಮೇಲೆ ನನ್ನ ಎಂಟು ಹದಿಮೂರಾಯಿತು.

ಮಂಡಿ ತಾಳುವವರು ದಿನಕ್ಕೊಮ್ಮೆಯಾದರೂ ನೆಲಕ್ಕೆ ಕೂತು ಏಳುವುದನ್ನು ಬಿಡಬೇಡಿ. ನೆಲದ ಮೇಲೆ ಕೂತು ಉಣ್ಣುತ್ತಿದ್ದ ನಮ್ಮ ಹಿರಿಯರಿಗೆ ಈ ಅಭ್ಯಾಸ ತಾನಾಗಿ ಆಗುತ್ತಿತ್ತು. ಡೈನಿಂಗ್ ಟೇಬಲ್ ಬಂದ ಮೇಲೆ ಬಿಟ್ಟುಹೋಯಿತು. ಬಿದ್ದವರು ತಾವಾಗಿ ಏಳಬಲ್ಲರೇ ಇಲ್ಲವೇ ಎನ್ನುವುದು ಈ ಅಭ್ಯಾಸದ ಮೇಲೇ ನಿಂತಿದೆ.

4. ಗುಂಪು ಕಟ್ಟಿ, ಚಿಕ್ಕದಾಗಿ

ಗುಂಪು ಎಂದರೆ ನಾಲ್ಕರಿಂದ ಆರು ಜನ. ಇಪ್ಪತ್ತು ಜನ ಆದರೆ ಯಾರು ಬರಲಿಲ್ಲ ಎಂದು ಗೊತ್ತೇ ಆಗುವುದಿಲ್ಲ. ಇಬ್ಬರೇ ಆದರೆ ಒಬ್ಬರಿಗೆ ಶೀತವಾದಾಗ ಇನ್ನೊಬ್ಬರೂ ಮನೆಯಲ್ಲೇ ಉಳಿಯುತ್ತಾರೆ.

ಯಾರನ್ನು ಕರೆಯುವುದು? ಹಳೆಯ ಆಫೀಸಿನವರೇ ಬೇಕೆಂದು ಕಾಯಬೇಡಿ. ಅವರು ಊರಿನ ನಾಲ್ಕು ಮೂಲೆಯಲ್ಲಿರುತ್ತಾರೆ, ಭೇಟಿ ತಿಂಗಳಿಗೊಮ್ಮೆ ಆದರೆ ಹೆಚ್ಚು. ನಡೆದು ಹೋಗುವಷ್ಟು ಹತ್ತಿರದಲ್ಲಿರುವವರನ್ನು ನೋಡಿ: ಎದುರು ಮನೆಯವರು, ಹಾಲಿನ ಬೂತಿನಲ್ಲಿ ದಿನಾ ಸಿಗುವವರು, ದೇವಸ್ಥಾನದ ಕಟ್ಟೆಯ ಮೇಲೆ ಒಬ್ಬರೇ ಕೂರುವವರು. ಅಧಿಕಾರಿಯಾಗಿದ್ದವರಿಗೆ ಇಲ್ಲೊಂದು ಕಷ್ಟ ಇದೆ. ಮೂವತ್ತು ವರ್ಷ ಜನ ತಾವಾಗಿ ಬಂದು ನಮಸ್ಕಾರ ಹೇಳಿರುತ್ತಾರೆ, ಈಗ ತಾವೇ ಮೊದಲು ಮಾತಾಡಿಸಬೇಕು. ಮಾತಾಡಿಸಿ. ಕುರ್ಚಿ ಆಫೀಸಿನಲ್ಲೇ ಉಳಿದಿದೆ.

ಕೇಳುವ ಮಾತು ನಿರ್ದಿಷ್ಟವಾಗಿರಲಿ. "ಒಂದು ದಿನ ಸಿಗೋಣ" ಎಂದರೆ ಆ ದಿನ ಬರುವುದೇ ಇಲ್ಲ. "ನಾಳೆ ಬೆಳಿಗ್ಗೆ ಆರೂಕಾಲಿಗೆ ನಿಮ್ಮ ಗೇಟ್ ಹತ್ರ ಬರ್ತೀನಿ, ಪಾರ್ಕಲ್ಲಿ ಎರಡು ಸುತ್ತು ಹಾಕಿ ಬರೋಣ" ಎನ್ನಿ. ಜಾಗ, ಹೊತ್ತು ಎರಡೂ ಬದಲಾಗಬಾರದು. ನಮ್ಮ ಗುಂಪು ಸೇರುವುದು ಕೆರೆಯ ಗೇಟಿನ ಎಡಗಡೆ. ಆರೂವರೆಗೆ ಐದು ನಿಮಿಷ ಕಾಯುತ್ತೇವೆ, ಬಾರದವರಿಗೆ ಫೋನು ಹೋಗುತ್ತದೆ. ಕಳೆದ ವರ್ಷ ಹಾಗೆ ಫೋನು ಹೋದಾಗ ನಮ್ಮ ಅಂಚೆಯ ಗೆಳೆಯರು ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಯಜಮಾನರೂ ಇನ್ನೊಬ್ಬರೂ ಮನೆಗೆ ಹೋಗಿ ನೋಡಿದರೆ, ಸಕ್ಕರೆ ಇಳಿದು ಮಂಚದ ಪಕ್ಕ ಮಂಕಾಗಿ ಕೂತಿದ್ದರು. ಅವರ ಮನೆಯವರು ಮಗನ ಊರಿಗೆ ಹೋಗಿದ್ದರು. ಗ್ಲೂಕೋಸ್ ನೀರು ಕುಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಯಾರನ್ನು ಕುರ್ಚಿಯಿಂದ ಎಬ್ಬಿಸಲು ಅವರು ಒಂದು ದಿನ ನಮ್ಮ ಗೇಟಿಗೆ ಬಂದಿದ್ದರೋ, ಅವರೇ ಆವತ್ತು ಇವರ ಬಾಗಿಲು ತಟ್ಟಿದರು.

ಜಾಗ ಯಾವುದಾದರೂ ಆದೀತು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ ಇವೆ. ಬೆಂಗಳೂರಿನವರಿಗೆ ಲಾಲ್‌ಬಾಗ್, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ಮಂಗಳೂರಿನವರಿಗೆ ಕದ್ರಿ ಪಾರ್ಕ್. ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯ ಇದೆ, ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. ಅಲ್ಲಿಯವರೆಗೆ ಜೊತೆಯಾಗಿ ನಡೆದು ಪೇಪರ್ ಓದಿ, ಸುದ್ದಿ ಮಾತಾಡಿಕೊಂಡು ಬಂದರೆ ಎರಡೂ ಕೆಲಸ ಆಯಿತು. ಕುಕ್ಕರಹಳ್ಳಿಯಲ್ಲಿ ಕುವೆಂಪು ವಾಯುಸೇವನೆಗೆ ಬರುತ್ತಿದ್ದರು. ಅದೇ ದಂಡೆಯ ಮೇಲೆ ಹೆಜ್ಜಾರ್ಲೆಗಳು ಮರದಿಂದ ನೀರಿಗಿಳಿಯುವುದನ್ನು ನೋಡುತ್ತಾ ನಡೆಯುವುದು ನನಗಂತೂ ದಿನದ ದೊಡ್ಡ ಸಂತೋಷ.

5. ವಾರಕ್ಕೊಂದು ಕೆಲಸ ಹಚ್ಚಿಕೊಳ್ಳಿ

ಬರೀ ಸುತ್ತು ಹಾಕುವ ಗುಂಪು ವರ್ಷದಲ್ಲಿ ಸೊರಗುತ್ತದೆ. ಮಾತು ಕಾಯಿಲೆಗೂ ರಾಜಕೀಯಕ್ಕೂ ತಿರುಗಿ, ಇಬ್ಬರು ಜಗಳಾಡಿ ಬಿಟ್ಟುಹೋಗುತ್ತಾರೆ. ವಾರದಲ್ಲಿ ಒಂದು ದಿನ ಎಲ್ಲರೂ ಸೇರಿ ಮಾಡುವ ಕೆಲಸವಿರಲಿ. ಗಮಕ ಕಲಿಯುವುದು, ಭಜನೆ, ಕೇರಂ, ಶಟಲ್, ಪಾರ್ಕಿನ ಗಿಡಗಳಿಗೆ ನೀರು ಹಾಕುವುದು, ಸರ್ಕಾರಿ ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು.

ನಮ್ಮವರು ಬ್ಯಾಂಕಿನವರಾದ್ದರಿಂದ ನವೆಂಬರ್ ಬಂತೆಂದರೆ ಕೈತುಂಬಾ ಕೆಲಸ. ಬಹಳಷ್ಟು ಪಿಂಚಣಿದಾರರು ತಾವು ಬದುಕಿದ್ದೇವೆ ಎಂಬ ಜೀವನ ಪ್ರಮಾಣಪತ್ರ ಕೊಡಬೇಕಾದ ತಿಂಗಳು ಅದು. ಜೀವನ್ ಪ್ರಮಾಣ್ ಎಂಬ ಕೇಂದ್ರ ಸರ್ಕಾರದ ಡಿಜಿಟಲ್ ವ್ಯವಸ್ಥೆ 2014ರಲ್ಲಿ ಬಂದ ಮೇಲೆ ಅದು ಆಧಾರ್ ಮೂಲಕ ಆಗುತ್ತದೆ, ಈಗ ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ. ಆದರೆ ಬೆರಳಚ್ಚು ಸವೆದ, ಮೊಬೈಲ್ ಬಾರದ ಹಿರಿಯರು ಎಷ್ಟೊಂದು ಜನ! ಗುಂಪಿನ ಮೂವರು ಸೇರಿ ಬೀದಿಯ ಅಂಥವರ ಮನೆಗೇ ನಡೆದು ಹೋಗಿ ಮಾಡಿಸಿಕೊಡುತ್ತಾರೆ. ಮಂಚ ಬಿಟ್ಟು ಏಳದ ಒಬ್ಬ ಅಜ್ಜಿ ಪ್ರತಿ ವರ್ಷ ಇವರಿಗಾಗಿ ಕೋಡುಬಳೆ ಮಾಡಿಸಿ ಇಟ್ಟಿರುತ್ತಾರೆ. ಯಜಮಾನರ ಜೇಬಿಗೆ ಪೆನ್ನು ಮತ್ತೆ ಬಂದದ್ದು ಹೀಗೆ.

6. ಹೆಂಗಸರಿಗೆ ಒಂದು ಮಾತು

ಕೆಲಸದಿಂದ ನಿವೃತ್ತಿ ಸಿಗುತ್ತದೆ, ಒಲೆಯಿಂದ ಸಿಗುವುದಿಲ್ಲ. "ಇನ್ನೇನು, ಮನೆಯಲ್ಲೇ ಇರ್ತೀರಲ್ಲ" ಎಂದು ಮೊಮ್ಮಗುವಿನ ಊಟ, ಸೊಸೆಯ ಡಬ್ಬಿ, ಗಂಡನ ಮೂರು ಹೊತ್ತಿನ ಕಾಫಿ ಎಲ್ಲ ನಮ್ಮ ಪಾಲಿಗೆ ಬರುತ್ತದೆ. ದಿನವಿಡೀ ನಿಂತೇ ಇರುತ್ತೇವೆ, ಆದರೆ ಅದು ವ್ಯಾಯಾಮವಾಗುವುದಿಲ್ಲ, ದಣಿವು ಮಾತ್ರ. ಆದ್ದರಿಂದ ಬೆಳಗಿನ ಆರೂವರೆಯಿಂದ ಏಳೂವರೆ ನಿಮ್ಮದು ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಮೊದಲ ವಾರ ಗೊಣಗುತ್ತಾರೆ. ನನ್ನ ಗಂಡ ಅರುವತ್ತೆರಡರಲ್ಲಿ ಕಾಫಿ ಸೋಸಲು ಕಲಿತರು, ಚೆನ್ನಾಗಿಯೇ ಮಾಡುತ್ತಾರೆ.

ಶಕ್ತಿ ಯೋಜನೆ ನಮಗೊಂದು ದೊಡ್ಡ ಅನುಕೂಲ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ನಾವು ಐದು ಜನ ತಿಂಗಳಿಗೊಂದು ಬುಧವಾರ ಆಧಾರ್ ಕಾರ್ಡ್ ಹಿಡಿದು ಹೊರಟುಬಿಡುತ್ತೇವೆ. ಶ್ರೀರಂಗಪಟ್ಟಣ, ನಂಜನಗೂಡು, ಸೋಮನಾಥಪುರ. ಬುತ್ತಿ ಕಟ್ಟಿಕೊಂಡು ಹೋಗಿ ನಡೆದು ನೋಡಿ, ಹೊತ್ತು ಮುಳುಗುವ ಮೊದಲು ಮನೆ. ನಲವತ್ತು ವರ್ಷ ಒಂದೇ ಬೀದಿಯಲ್ಲಿದ್ದು 'ಊಟ ಆಯ್ತಾ' ದಾಟಿ ಮಾತಾಡದವರು ಈಗ ಬಸ್ಸಿನಲ್ಲಿ ಕಷ್ಟಸುಖ ಹೇಳಿಕೊಳ್ಳುತ್ತೇವೆ. ಗಂಡಸರಿಗೂ 60 ದಾಟಿದ ಮೇಲೆ ಕೆ.ಎಸ್.ಆರ್.ಟಿ.ಸಿ.ಯಲ್ಲಿ ಶೇ 25 ರಿಯಾಯಿತಿ ಇದೆ, ವಯಸ್ಸಿನ ದಾಖಲೆ ತೋರಿಸಬೇಕು. ಹಿರಿಯ ನಾಗರಿಕರ ಗುರುತಿನ ಚೀಟಿಗೆ ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು.

7. ಹಿಂದಕ್ಕೆ ಎಳೆಯುವ ಸಂಗತಿಗಳು

ಕಿವಿ. ಜನರ ನಡುವೆ ಹೋಗಲು ಬೇಸರ ಎನ್ನುವ ಎಷ್ಟೋ ಹಿರಿಯರಿಗೆ ನಿಜವಾಗಿ ಇರುವುದು ಕಿವಿಯ ತೊಂದರೆ. ನಾಲ್ಕು ಜನ ನಗುವಾಗ ಯಾಕೆ ನಕ್ಕರೆಂದು ತಿಳಿಯದೆ, ಮತ್ತೆ ಮತ್ತೆ 'ಏನಂದ್ರಿ' ಎಂದು ಕೇಳಲು ಸಂಕೋಚವಾಗಿ, ಬರುವುದನ್ನೇ ಬಿಡುತ್ತಾರೆ. ಕಿವಿ ಪರೀಕ್ಷೆ ಮಾಡಿಸಿ, ಯಂತ್ರ ಬೇಕೆಂದರೆ ಹಾಕಿಸಿ. ಕಣ್ಣಿನ ಪೊರೆಯೂ ಹಾಗೆಯೇ, ಮುಂದೂಡಬೇಡಿ.

ಬೆಳಗಿನ ತಲೆಸುತ್ತು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಎದ್ದ ಕೂಡಲೇ ನಿಲ್ಲಬೇಡಿ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕಾಲು ಇಳಿಬಿಟ್ಟು ಕೂತು ಏಳಿ. ಸಕ್ಕರೆ ಇದ್ದವರು ಜೇಬಿನಲ್ಲಿ ಗ್ಲೂಕೋಸೋ ನಾಲ್ಕು ಪೆಪ್ಪರಮಿಂಟೋ ಇಟ್ಟುಕೊಳ್ಳಿ, ಬರಿಗಾಲಲ್ಲಿ ನಡೆಯಬೇಡಿ, ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಹೆಸರು, ಮನೆಯವರ ಫೋನ್ ನಂಬರು, ಇರುವ ಕಾಯಿಲೆ ಬರೆದ ಚೀಟಿ ಎಲ್ಲರ ಜೇಬಿನಲ್ಲೂ ಇರಲಿ.

ಮಳೆಗಾಲ. ಪಾಚಿ ಕಟ್ಟಿದ ದಾರಿಯಲ್ಲಿ ಹಟ ಮಾಡಿ ನಡೆಯುವುದು ಬೇಡ. ನಾವು ಜೂನ್‌ನಿಂದ ಒಬ್ಬರ ಮನೆಯ ಕಾರ್ ಶೆಡ್ಡಿನಲ್ಲಿ ಸೇರುತ್ತೇವೆ, ಕುರ್ಚಿ ಕಸರತ್ತು ಮಾಡಿ ಕಾಫಿ ಕುಡಿದು ಏಳುತ್ತೇವೆ. ಗುಂಪು ಚದುರಬಾರದು, ಅಷ್ಟೇ ಮುಖ್ಯ.

ಮಕ್ಕಳ ಊರು. ಬೆಂಗಳೂರಿನ ಅಪಾರ್ಟ್‌ಮೆಂಟಿಗೋ ಅಮೆರಿಕಕ್ಕೋ ಹೋಗಿ ಆರು ತಿಂಗಳು ಇರಬೇಕಾದವರ ಕಷ್ಟ ಬೇರೆ. ಮೊದಲ ವಾರವೇ ಕೆಳಗಿನ ಬೆಂಚಿಗೆ ಇಳಿದು ಕೂರಿ, ಎರಡನೇ ದಿನಕ್ಕೆ ಇನ್ನೊಬ್ಬ ಅಜ್ಜಿ ಸಿಗುತ್ತಾರೆ. ಅಮೆರಿಕದಲ್ಲಿ ಹತ್ತಿರದ ಕನ್ನಡ ಕೂಟ ಎಲ್ಲಿದೆ ಎಂದು ಮಕ್ಕಳನ್ನು ಕೇಳಿ, ಸಾರ್ವಜನಿಕ ಗ್ರಂಥಾಲಯಕ್ಕೆ ಕರೆದೊಯ್ಯಲು ಹೇಳಿ. ಹೊರಗೆ ಹಿಮ ಬಿದ್ದಾಗ ಅಲ್ಲಿನ ಹಿರಿಯರು ಮಾಲ್‌ಗಳ ಒಳಗೇ ಸುತ್ತು ಹಾಕುತ್ತಾರೆ, ನೀವೂ ಸೇರಿಕೊಳ್ಳಿ. ಇಂಗ್ಲಿಷ್ ಬರದಿದ್ದರೂ ನಗು ಸಾಕಾಗುತ್ತದೆ, ನಾನು ಮಾಡಿ ನೋಡಿದ್ದೇನೆ.

ಇನ್ನು ಸಾವು. ಅರುವತ್ತು ದಾಟಿದವರ ಗುಂಪಿನಲ್ಲಿ ಇದು ಬಂದೇ ಬರುತ್ತದೆ. ಗುಂಪಿನ ಒಬ್ಬರ ಹೆಂಡತಿ ತೀರಿಕೊಂಡಾಗ ಅವರು ಎರಡು ತಿಂಗಳು ಬಾಗಿಲು ತೆರೆಯಲಿಲ್ಲ. "ಯಾವಾಗ ಬೇಕಾದ್ರೂ ಬನ್ನಿ" ಎಂದು ಹೇಳಿ ಸುಮ್ಮನಿರಬೇಡಿ, ಅವರಾಗಿ ಬರುವುದಿಲ್ಲ. ನಾವು ದಿನಾ ಅವರ ಗೇಟಿನ ಮುಂದೆಯೇ ಹಾದು ಹೋಗುವಂತೆ ದಾರಿ ಬದಲಿಸಿದೆವು. ಗೇಟಿನ ಹತ್ತಿರ ಎರಡು ನಿಮಿಷ ನಿಂತು, ಕರೆಯದೆ ಮುಂದೆ ಹೋಗುತ್ತಿದ್ದೆವು. ಒಂದು ದಿನ ಚಪ್ಪಲಿ ಹಾಕಿಕೊಂಡು ಅವರೇ ಗೇಟಿನಲ್ಲಿ ನಿಂತಿದ್ದರು. ಯಾರೂ ಏನೂ ಕೇಳಲಿಲ್ಲ, ನಡೆದೆವು. ಒಂಟಿಯಾಗಿ ಇರುವವರು, ಮನೆಯಲ್ಲಿ ಹಿಂಸೆ ಅನುಭವಿಸುತ್ತಿರುವವರು ಗೊತ್ತಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ, ಕರೆ ಉಚಿತ. ಆ ನಂಬರನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

8. ಊರು ಬಿಡುವಾಗ ಹೇಳಿ ಹೋಗಿ

ನಮ್ಮ ಗುಂಪಿನ ಒಂದೇ ನಿಯಮ ಇದು. ಮದುವೆಗೋ ಮಗಳ ಮನೆಗೋ ಹೋಗುವುದಿದ್ದರೆ ಹಿಂದಿನ ದಿನವೇ ಹೇಳಬೇಕು, ಎಷ್ಟು ದಿನ ಎಂದೂ ಹೇಳಬೇಕು. ಹೇಳದೆ ತಪ್ಪಿಸಿಕೊಂಡವರು ಮಾರನೇ ದಿನ ಎಲ್ಲರಿಗೂ ಕಾಫಿ ಕೊಡಿಸುವುದು. ಕಳೆದ ತಿಂಗಳು ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿದ್ದಾಗ, ಬೆಳಿಗ್ಗೆ ಆರೂವರೆಗೆ ಯಜಮಾನರು ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. "ಎಲ್ಲರೂ ಬಂದ್ರಾ? ಮೂರೇ ಜನಾನಾ? ಯಾರು ಬಂದಿಲ್ಲ? ಸರಿ, ನೀವು ನಡೀರಿ, ಅವರಿಗೆ ನಾನೇ ಫೋನ್ ಮಾಡ್ತೀನಿ."